ವಯಸ್ಸಾದವರ ಕಿಡ್ನಿ ಕಾಯಿಲೆ: ಕುಸಿತದ ವೇಗವನ್ನು ಅಳೆಯುವುದು, ತಗ್ಗಿಸುವುದು

ಎಪ್ಪತ್ತು ದಾಟಿದ ತಂದೆಯದೋ ತಾಯಿಯದೋ ರಕ್ತಪರೀಕ್ಷೆಯ ವರದಿಯಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡಗಳು ಸೋಸಿ ಹೊರಹಾಕುವ ತ್ಯಾಜ್ಯ) ಹೆಚ್ಚಾಗಿದೆ ಎಂದು ಕಂಡ ಕೂಡಲೇ ಮನೆಯವರು ಕೇಳುವ ಮೊದಲ ಪ್ರಶ್ನೆ ಡಯಾಲಿಸಿಸ್ ಬಗ್ಗೆ. ಹೆದರಿಕೆ ಸಹಜ. ಆದರೆ ಆ ಒಂದು ಅಂಕಿಯಿಂದ ಅದಕ್ಕೆ ಉತ್ತರ ಸಿಗುವುದಿಲ್ಲ. ಇಳಿವಯಸ್ಸಿನಲ್ಲಿ ಕಾಯಿಲೆ ಯಾವ ಹಂತದಲ್ಲಿದೆ ಎನ್ನುವುದಕ್ಕಿಂತ ಅದು ಎಷ್ಟು ವೇಗವಾಗಿ ಮುಂದುವರಿಯುತ್ತಿದೆ, ಆ ವೇಗಕ್ಕೆ ಕಾರಣವೇನು ಎನ್ನುವುದನ್ನು ತಿಳಿಯಬೇಕು. ಅನೇಕ ಹಿರಿಯರಲ್ಲಿ ಮೂತ್ರಪಿಂಡದ ಶಕ್ತಿ ವರ್ಷಗಟ್ಟಲೆ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಕೆಲವರಲ್ಲಿ ಎರಡು ಮೂರು ವರ್ಷಗಳಲ್ಲೇ ಕುಸಿಯುತ್ತದೆ. ಕುಸಿತವನ್ನು ಬೇಗಗೊಳಿಸುವ ಕಾರಣಗಳಲ್ಲಿ ಹಲವನ್ನು ಸರಿಪಡಿಸಬಹುದು ಎನ್ನುವುದೇ ಈ ಲೇಖನ ಬರೆಯಲು ಕಾರಣ.

ಇಲ್ಲಿರುವ ಹೆಜ್ಜೆಗಳನ್ನು ಹಿರಿಯರೇ ಅನುಸರಿಸಬಹುದು, ಅವರನ್ನು ನೋಡಿಕೊಳ್ಳುವವರೂ ಅನುಸರಿಸಬಹುದು. ಔಷಧಿಯನ್ನು ನಿಲ್ಲಿಸುವ, ಬದಲಿಸುವ ನಿರ್ಧಾರ ಮಾತ್ರ ವೈದ್ಯರೊಂದಿಗೇ ಆಗಬೇಕು.

ಹೆಜ್ಜೆ 1: ಹಳೆಯ ವರದಿಗಳನ್ನೆಲ್ಲ ಒಂದು ಕಡೆ ಬರೆದಿಡಿ

ಕಪಾಟಿನಲ್ಲಿ, ಚೀಲದಲ್ಲಿ, ಮೊಬೈಲ್‌ನಲ್ಲಿ ಇರುವ ರಕ್ತಪರೀಕ್ಷೆಯ ವರದಿಗಳನ್ನು ಹುಡುಕಿ ತೆಗೆಯಿರಿ. ಒಂದು ಹಾಳೆಯಲ್ಲಿ ದಿನಾಂಕ, ಕ್ರಿಯಾಟಿನಿನ್, ಇಜಿಎಫ್‌ಆರ್ ಎಂದು ಮೂರು ಸಾಲು ಎಳೆದು ಹಳೆಯದರಿಂದ ಹೊಸದರವರೆಗೆ ತುಂಬಿಸಿ. ಇಜಿಎಫ್‌ಆರ್ ಎಂದರೆ ಮೂತ್ರಪಿಂಡಗಳು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತದ್ರವವನ್ನು ಸೋಸುತ್ತಿವೆ ಎಂಬ ಅಂದಾಜು. ವರದಿಯಲ್ಲಿ ಅದು ಇಲ್ಲದಿದ್ದರೆ ಕ್ರಿಯಾಟಿನಿನ್, ವಯಸ್ಸು, ಲಿಂಗ ಈ ಮೂರರಿಂದ ಲೆಕ್ಕ ಹಾಕಿಕೊಡುವಂತೆ ವೈದ್ಯರನ್ನು ಕೇಳಿ.

ಕ್ರಿಯಾಟಿನಿನ್ ಒಂದನ್ನೇ ನೋಡಿದರೆ ಮೋಸಹೋಗುತ್ತೇವೆ. ಇಜಿಎಫ್‌ಆರ್ ಲೆಕ್ಕಹಾಕುವ 2021ರ ಸಿಕೆಡಿ-ಎಪಿ ಸೂತ್ರದ ಪ್ರಕಾರ ಕ್ರಿಯಾಟಿನಿನ್ 1.2 ಇದ್ದರೆ 30 ವರ್ಷದ ಗಂಡಸಿನ ಇಜಿಎಫ್‌ಆರ್ ಸುಮಾರು 83, 80 ವರ್ಷದ ಹೆಂಗಸಿನದು ಸುಮಾರು 46. ಅಂಕಿ ಒಂದೇ, ಆದರೆ ಒಬ್ಬರ ಕಿಡ್ನಿ ಚೆನ್ನಾಗಿದೆ, ಇನ್ನೊಬ್ಬರದು ಅರ್ಧದಷ್ಟು ಕೆಲಸ ಮಾಡುತ್ತಿದೆ. ಇದರ ಜೊತೆಗೆ ಇನ್ನೊಂದು ತೊಡಕಿದೆ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಿಂದ. ಸೊರಗಿ ಸ್ನಾಯು ಕರಗಿದವರಲ್ಲಿ ಅದು ಕಡಿಮೆಯೇ ತೋರುವುದರಿಂದ ಮೂತ್ರಪಿಂಡ ಇರುವುದಕ್ಕಿಂತ ಚೆನ್ನಾಗಿದೆ ಎಂಬ ಭ್ರಮೆ ಹುಟ್ಟುತ್ತದೆ. ತೀರಾ ತೆಳ್ಳಗಿರುವ, ಬಹಳ ದಿನ ಹಾಸಿಗೆ ಹಿಡಿದ, ಕೈಕಾಲು ಕಳೆದುಕೊಂಡ ಹಿರಿಯರಿಗೆ ಸಿಸ್ಟಾಟಿನ್ ಸಿ ಎಂಬ ಇನ್ನೊಂದು ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಅದು ಸ್ನಾಯುವಿನ ಪ್ರಮಾಣವನ್ನು ಅಷ್ಟಾಗಿ ಅವಲಂಬಿಸುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಮಾಂಸದೂಟ ಮಾಡಿದ್ದರೆ ಕ್ರಿಯಾಟಿನಿನ್ ತುಸು ಏರುತ್ತದೆ ಎನ್ನುವುದೂ ನೆನಪಿರಲಿ.

ಈಗ ಹಾಳೆಯನ್ನು ನೋಡಿ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಇಜಿಎಫ್‌ಆರ್ 60ಕ್ಕಿಂತ ಕೆಳಗಿದ್ದರೆ, ಅಥವಾ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್‌ನಂತಹ ಹಾನಿಯ ಗುರುತುಗಳಿದ್ದರೆ ಅದನ್ನು ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಎನ್ನುತ್ತಾರೆ. ಒಂದೇ ಒಂದು ಪರೀಕ್ಷೆಯಿಂದ ಹಾಗೆ ಹೇಳಲಾಗದು. ನಡುವಯಸ್ಸಿನ ನಂತರ ಆರೋಗ್ಯವಂತರಲ್ಲೂ ಇಜಿಎಫ್‌ಆರ್ ವರ್ಷಕ್ಕೆ ಸುಮಾರು 1ರಂತೆ ಇಳಿಯುತ್ತದೆ. ಹಾಗಾಗಿ ಮೂರು ವರ್ಷದಲ್ಲಿ 52ರಿಂದ 49ಕ್ಕೆ ಬಂದಿದ್ದರೆ ಎದೆಗುಂದಬೇಕಿಲ್ಲ. ಎರಡು ವರ್ಷದಲ್ಲಿ 52ರಿಂದ 38ಕ್ಕೆ ಬಂದಿದ್ದರೆ ಸುಮ್ಮನಿರಬಾರದು. ವರ್ಷಕ್ಕೆ 5ಕ್ಕಿಂತ ಹೆಚ್ಚು, ಅದೂ ಸತತವಾಗಿ ಇಳಿಯುತ್ತಿದ್ದರೆ ಅದನ್ನು ವೇಗದ ಕುಸಿತವೆಂದು ಪರಿಗಣಿಸುತ್ತಾರೆ. ಎರಡು ಪರೀಕ್ಷೆಗಳ ನಡುವೆ ಶೇ 20ಕ್ಕಿಂತ ಹೆಚ್ಚಿನ ಬದಲಾವಣೆ ಕಂಡರೆ ಅದು ಸಾಮಾನ್ಯ ಏರುಪೇರನ್ನು ಮೀರಿದ್ದು, ಕಾರಣ ಹುಡುಕಲೇಬೇಕು. ಅದಕ್ಕಿಂತ ಚಿಕ್ಕ ವ್ಯತ್ಯಾಸಗಳಿಗೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಹೆಜ್ಜೆ 2: ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿ

ಎಲ್ಲರೂ ರಕ್ತ ಕೊಡುತ್ತಾರೆ, ಮೂತ್ರ ಕೊಡುವುದನ್ನು ಮರೆಯುತ್ತಾರೆ. ಕಾಯಿಲೆ ಮುಂದೆ ಹೇಗೆ ನಡೆದುಕೊಳ್ಳುತ್ತದೆ ಎಂದು ಊಹಿಸಲು ಇಷ್ಟು ಅಗ್ಗದ, ಇಷ್ಟು ಉಪಯುಕ್ತವಾದ ಬೇರೆ ಪರೀಕ್ಷೆ ಇಲ್ಲ. ಕೇಳಬೇಕಾದದ್ದು ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ. ಗ್ರಾಂಗೆ 30 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಸಾಮಾನ್ಯ. 30ರಿಂದ 300 ಇದ್ದರೆ ಮಧ್ಯಮ, 300 ದಾಟಿದರೆ ತೀವ್ರ. ಇಜಿಎಫ್‌ಆರ್ 45 ಇರುವ ಇಬ್ಬರು ಹಿರಿಯರಲ್ಲಿ ಒಬ್ಬರ ಅನುಪಾತ 10, ಇನ್ನೊಬ್ಬರದು 900 ಎಂದುಕೊಳ್ಳಿ. ಇಬ್ಬರದೂ ಒಂದೇ ಹಂತದ ಕಾಯಿಲೆ ಎಂದು ವರದಿಯಲ್ಲಿ ಕಂಡರೂ ಮುಂದಿನ ಹಾದಿ ಬೇರೆ ಬೇರೆ. ಎರಡನೆಯವರಿಗೆ ಚಿಕಿತ್ಸೆಯನ್ನು ಚುರುಕಾಗಿ ಬಿಗಿಗೊಳಿಸಬೇಕಾಗುತ್ತದೆ.

ಬೆಳಗಿನ ಮೊದಲ ಮೂತ್ರ ಕೊಟ್ಟರೆ ಉತ್ತಮ. ಜ್ವರ, ಮೂತ್ರದ ಸೋಂಕು, ಮೈಮುರಿಯುವ ಕೆಲಸ ಇವುಗಳಿಂದ ಆಲ್ಬುಮಿನ್ ತಾತ್ಕಾಲಿಕವಾಗಿ ಹೆಚ್ಚುವುದರಿಂದ ಮೊದಲ ಫಲಿತಾಂಶವನ್ನು ಇನ್ನೊಮ್ಮೆ ಖಚಿತಪಡಿಸಿಕೊಳ್ಳಿ.

ವಯಸ್ಸು, ಲಿಂಗ, ಇಜಿಎಫ್‌ಆರ್, ಮೂತ್ರದ ಆಲ್ಬುಮಿನ್ ಈ ನಾಲ್ಕನ್ನು ಕೊಟ್ಟರೆ ಎರಡು ಮತ್ತು ಐದು ವರ್ಷಗಳಲ್ಲಿ ಮೂತ್ರಪಿಂಡ ವೈಫಲ್ಯದ ಸಾಧ್ಯತೆ ಶೇಕಡಾ ಎಷ್ಟು ಎಂದು ಹೇಳುವ ಲೆಕ್ಕಾಚಾರವೊಂದಿದೆ. 2011ರಲ್ಲಿ ಪ್ರಕಟವಾದ ಇದನ್ನು ಕಿಡ್ನಿ ವೈಫಲ್ಯದ ಅಪಾಯ ಸೂತ್ರ ಎನ್ನಬಹುದು. ಐದು ವರ್ಷದ ಸಾಧ್ಯತೆ ಶೇ 3ರಿಂದ 5 ದಾಟಿದರೆ ಮೂತ್ರಪಿಂಡ ತಜ್ಞರನ್ನು ಕಾಣಬೇಕು ಎನ್ನುವುದು 2024ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಸಲಹೆ. “ಏನಾಗಬಹುದು ಡಾಕ್ಟರೇ?” ಎಂದು ಕೇಳುವ ಬದಲು ಈ ಲೆಕ್ಕವನ್ನು ಮಾಡಿ ತೋರಿಸುವಂತೆ ಕೇಳಿ. ಬಹಳಷ್ಟು ಹಿರಿಯರಿಗೆ ಉತ್ತರ ಅವರು ಹೆದರಿದ್ದಕ್ಕಿಂತ ಸಮಾಧಾನಕರವಾಗಿರುತ್ತದೆ.

ಹೆಜ್ಜೆ 3: ಮೂತ್ರದ ದಾರಿಯಲ್ಲಿ ಅಡ್ಡಿಯಿದೆಯೇ ನೋಡಿ

ಮೂತ್ರ ಹನಿಹನಿಯಾಗಿ ಬರುವುದು, ಪೂರ್ತಿ ಖಾಲಿಯಾಗಲಿಲ್ಲ ಎನಿಸುವುದು, ರಾತ್ರಿ ಹಲವು ಸಲ ಏಳುವುದು ಇವನ್ನು ವಯಸ್ಸಿನ ಮೇಲೆ ಹಾಕಿ ಬಿಟ್ಟುಬಿಡುತ್ತಾರೆ. ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರ ಹಿಂದಕ್ಕೆ ಒತ್ತಿದರೆ ಮೂತ್ರಪಿಂಡಗಳು ನೋವೇ ಇಲ್ಲದೆ ಹಾಳಾಗುತ್ತವೆ. ಒಂದು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್, ಮೂತ್ರ ಮಾಡಿದ ಮೇಲೆ ಚೀಲದಲ್ಲಿ ಎಷ್ಟು ಉಳಿದಿದೆ ಎಂಬ ಅಳತೆ, ಇಷ್ಟರಿಂದ ವಿಷಯ ಗೊತ್ತಾಗುತ್ತದೆ. ಬೇಗ ಗೊತ್ತಾದರೆ ಅಡ್ಡಿ ತೆಗೆದ ಮೇಲೆ ಇಜಿಎಫ್‌ಆರ್ ಮತ್ತೆ ಏರಲೂಬಹುದು. ಇಂತಹ ಅವಕಾಶ ಈ ಕಾಯಿಲೆಯಲ್ಲಿ ಅಪರೂಪ.

ಹೆಜ್ಜೆ 4: ಔಷಧಿಯ ಚೀಲವನ್ನು ಮೇಜಿನ ಮೇಲೆ ಸುರಿಯಿರಿ

ನನ್ನನ್ನು ಕೇಳಿದರೆ ಹಿರಿಯರ ವಿಷಯದಲ್ಲಿ ಹೆಚ್ಚು ಫಲ ಕೊಡುವ ಹೆಜ್ಜೆ ಇದು. ಮೂಳೆಯ ವೈದ್ಯರು ಒಂದು, ಹೃದಯದ ವೈದ್ಯರು ಒಂದು, ಔಷಧಿ ಅಂಗಡಿಯವರು ಒಂದು, ನೆಂಟರು ಒಂದು ಕೊಟ್ಟಿರುತ್ತಾರೆ. ಎಲ್ಲವನ್ನೂ ಒಟ್ಟಿಗೆ ನೋಡಿದವರು ಯಾರೂ ಇರುವುದಿಲ್ಲ. ಮಾತ್ರೆ, ಸಿರಪ್, ಪುಡಿ, ಕಷಾಯ, ವಿಟಮಿನ್ ಯಾವುದನ್ನೂ ಬಿಡದೆ ಪಟ್ಟಿ ಮಾಡಿ.

ಮೊದಲು ನೋವಿನ ಮಾತ್ರೆಗಳನ್ನು ಹುಡುಕಿ. ಐಬುಪ್ರೊಫೇನ್, ಡೈಕ್ಲೋಫೆನಾಕ್, ನ್ಯಾಪ್ರೊಕ್ಸೆನ್ ಮುಂತಾದವು ಮೂತ್ರಪಿಂಡಕ್ಕೆ ರಕ್ತ ತಲುಪಿಸುವ ನಾಳಗಳನ್ನು ಕುಗ್ಗಿಸುತ್ತವೆ. ಯುವಕರ ಮೂತ್ರಪಿಂಡ ಇದನ್ನು ತಾಳಿಕೊಳ್ಳುತ್ತದೆ. ಈಗಾಗಲೇ ದುರ್ಬಲವಾಗಿರುವ ಮೂತ್ರಪಿಂಡಕ್ಕೆ ಆ ಶಕ್ತಿ ಇರುವುದಿಲ್ಲ. ರಕ್ತದೊತ್ತಡಕ್ಕೆ ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟನ್ ವರ್ಗದ ಔಷಧಿ, ಅದರ ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆ, ಅವೆರಡರ ಮೇಲೆ ಈ ನೋವಿನ ಮಾತ್ರೆ ಸೇರಿದರೆ ಮೂರೂ ಕೂಡಿ ಕೆಲವೇ ದಿನಗಳಲ್ಲಿ ಮೂತ್ರಪಿಂಡವನ್ನು ನೆಲಕಚ್ಚಿಸಬಹುದು. ಮಂಡಿನೋವು ಸುಳ್ಳಲ್ಲ, ಅದನ್ನು ಸಹಿಸಿಕೊಳ್ಳಿ ಎಂದು ಯಾರೂ ಹೇಳಬಾರದು. ಪ್ಯಾರಾಸಿಟಮಾಲ್, ಹಚ್ಚುವ ಮುಲಾಮು, ವ್ಯಾಯಾಮ, ಫಿಸಿಯೋಥೆರಪಿ ಇವುಗಳಲ್ಲಿ ಯಾವುದು ಒಗ್ಗುತ್ತದೆ ಎಂದು ವೈದ್ಯರೊಂದಿಗೆ ಕುಳಿತು ನಿರ್ಧರಿಸಿ.

ಎರಡನೆಯದು, ವರ್ಷಗಟ್ಟಲೆ ಸುಮ್ಮನೆ ಮುಂದುವರಿದ ಮಾತ್ರೆಗಳು. ಹೊಟ್ಟೆಯ ಆಮ್ಲ ತಗ್ಗಿಸುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಇವು ಕೆಲವರಲ್ಲಿ ಮೂತ್ರಪಿಂಡದ ಒಳಗೆ ಉರಿಯೂತ ಉಂಟುಮಾಡಬಲ್ಲವು. ಅಗತ್ಯವಿದ್ದವರು ಬಿಡಬಾರದು, ಆದರೆ ಏಕೆ ಶುರುವಾಯಿತು ಎಂದೇ ಮರೆತುಹೋಗಿದ್ದರೆ ಕೇಳಲೇಬೇಕು.

ಮೂರನೆಯದು, ಮೂತ್ರಪಿಂಡದ ಮೂಲಕವೇ ಹೊರಹೋಗಬೇಕಾದ ಔಷಧಿಗಳು. ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್, ಬ್ಯಾಕ್ಲೊಫೆನ್, ಡಿಗಾಕ್ಸಿನ್ ದೇಹದಲ್ಲಿ ಶೇಖರವಾಗಿ ಮಂಪರು, ತಲೆಸುತ್ತು, ಗೊಂದಲ ತರುತ್ತವೆ. ಹಿರಿಯರು ಇದ್ದಕ್ಕಿದ್ದಂತೆ ಮಂಕಾದರೆ ಮರೆವಿನ ಕಾಯಿಲೆ ಎಂದು ತೀರ್ಮಾನಿಸುವ ಮೊದಲು ಪ್ರಮಾಣವನ್ನು ಇಜಿಎಫ್‌ಆರ್‌ಗೆ ತಕ್ಕಂತೆ ಇಳಿಸಲಾಗಿದೆಯೇ ನೋಡಿ.

ಗಿಡಮೂಲಿಕೆ ಎಂದ ಮಾತ್ರಕ್ಕೆ ಸುರಕ್ಷಿತ ಎಂದು ನಂಬಬೇಡಿ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಗಿಡಮೂಲಿಕೆಯ ಮಾತ್ರೆ ನುಂಗಿದ ಮಹಿಳೆಯರ ಮೂತ್ರಪಿಂಡಗಳು ಹಾಳಾದವು. ಅದರಲ್ಲಿದ್ದ ಅರಿಸ್ಟೊಲೋಕಿಕ್ ಆಮ್ಲ ಅದಕ್ಕೆ ಕಾರಣವೆಂದು ನಂತರ ತಿಳಿಯಿತು. ಏನೇನು ಬೆರೆಸಿದ್ದಾರೆ ಎಂದು ಬರೆಯದ ಪುಡಿಯನ್ನು ಕಿಡ್ನಿ ಕಾಯಿಲೆ ಇರುವವರು ಮುಟ್ಟದಿರುವುದೇ ಕ್ಷೇಮ.

ಹೆಜ್ಜೆ 5: ರಕ್ತದೊತ್ತಡವನ್ನು ಮನೆಯಲ್ಲಿ, ಕುಳಿತೂ ನಿಂತೂ ಅಳೆಯಿರಿ

ಏರಿದ ರಕ್ತದೊತ್ತಡ ಮೂತ್ರಪಿಂಡದ ಸೂಕ್ಷ್ಮ ನಾಳಗಳನ್ನು ಜಜ್ಜುತ್ತದೆ. ಮೂತ್ರಪಿಂಡ ಕೆಟ್ಟಷ್ಟೂ ಒತ್ತಡ ಇನ್ನಷ್ಟು ಏರುತ್ತದೆ. ಈ ಸುಳಿಯನ್ನು ತಡೆಯುವುದು ಚಿಕಿತ್ಸೆಯ ಬೆನ್ನೆಲುಬು. ಐದು ನಿಮಿಷ ಮಾತಿಲ್ಲದೆ ಬೆನ್ನಿಗೆ ಆಸರೆ ಕೊಟ್ಟು ಕುಳಿತು, ತೋಳನ್ನು ಹೃದಯದ ಮಟ್ಟದಲ್ಲಿಟ್ಟು ಎರಡು ಸಲ ಅಳೆಯಿರಿ. ಆಮೇಲೆ ಎದ್ದು ನಿಂತು ಒಂದು ನಿಮಿಷವಾದಾಗ ಒಮ್ಮೆ, ಮೂರು ನಿಮಿಷವಾದಾಗ ಇನ್ನೊಮ್ಮೆ ಅಳೆಯಿರಿ. ನಿಂತಾಗ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ತಿಳಿಸಿ.

ಎಷ್ಟಕ್ಕೆ ಇಳಿಸಬೇಕು ಎಂಬುದರಲ್ಲಿ ಒಂದೇ ಉತ್ತರವಿಲ್ಲ. 130/80ಕ್ಕಿಂತ ಕೆಳಗೆ ಎಂದು ಹಲವು ಮಾರ್ಗಸೂಚಿಗಳು ಹೇಳುತ್ತವೆ. ಸರಿಯಾದ ವಿಧಾನದಲ್ಲಿ ಅಳೆದು ಮೇಲಿನ ಅಂಕಿಯನ್ನು 120ಕ್ಕಿಂತ ಕೆಳಗಿಡಿ ಎನ್ನುವುದು 2021ರ ಅಂತರರಾಷ್ಟ್ರೀಯ ಮೂತ್ರಪಿಂಡ ಮಾರ್ಗಸೂಚಿಯ ಸಲಹೆ. ಚಟುವಟಿಕೆಯಿಂದಿರುವ 72ರ ಹಿರಿಯರಿಗೆ ಅದು ಒಗ್ಗಬಹುದು. ಎದ್ದರೆ ತಲೆ ತಿರುಗುವ, ಈಗಾಗಲೇ ಎರಡು ಸಲ ಬಿದ್ದಿರುವ 86ರ ಅಜ್ಜಿಗೆ ಅದೇ ಗುರಿ ಇಟ್ಟರೆ ಸೊಂಟದ ಮೂಳೆ ಮುರಿಯುವ ಭಯವೇ ಹೆಚ್ಚು. ಗುರಿ ವ್ಯಕ್ತಿಗೆ ತಕ್ಕಂತಿರಬೇಕು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿದ್ದರೆ ಎನಾಲಾಪ್ರಿಲ್, ರಾಮಿಪ್ರಿಲ್ ಅಥವಾ ಲೊಸಾರ್ಟನ್, ಟೆಲ್ಮಿಸಾರ್ಟನ್ ವರ್ಗಗಳಲ್ಲಿ ಒಂದು ಮೊದಲ ಆಯ್ಕೆ. ಶುರು ಮಾಡಿದ ಎರಡರಿಂದ ನಾಲ್ಕು ವಾರಗಳಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ಪರೀಕ್ಷೆ ಮಾಡಿಸಲೇಬೇಕು. ಆ ವರದಿಯಲ್ಲಿ ಕ್ರಿಯಾಟಿನಿನ್ ತುಸು ಏರಿರುವುದನ್ನು ಕಂಡು ಗಾಬರಿಯಿಂದ ಮಾತ್ರೆ ಬಿಟ್ಟವರು ಬಹಳ ಮಂದಿ. ಶೇ 30ರವರೆಗಿನ ಏರಿಕೆ ನಿರೀಕ್ಷಿತ. ಮೂತ್ರಪಿಂಡದೊಳಗಿನ ಒತ್ತಡ ಇಳಿದುದರ ಪರಿಣಾಮ ಅದು. ಕಾಯಿಲೆ ಬಲಿತ ಮೇಲೆ ಈ ಔಷಧಿ ನಿಲ್ಲಿಸಿದರೆ ಮೂತ್ರಪಿಂಡ ಸುಧಾರಿಸುತ್ತದೆಯೇ ಎಂದು ನೋಡಿದ 2022ರ ಸ್ಟಾಪ್-ಎಸಿಇಐ ಪ್ರಯೋಗದಲ್ಲಿ ನಿಲ್ಲಿಸಿದವರಿಗೆ ಯಾವ ಲಾಭವೂ ಕಾಣಲಿಲ್ಲ.

ಹೆಜ್ಜೆ 6: ಸಕ್ಕರೆಯನ್ನು ಇಳಿಸಿ, ಆದರೆ ಅತಿಯಾಗಿ ಬೇಡ

ಮಧುಮೇಹ ಈ ಕಾಯಿಲೆಯ ಬಹುದೊಡ್ಡ ಕಾರಣ. ಆದರೂ ಹಿರಿಯರಲ್ಲಿ ಸಕ್ಕರೆ ತೀರಾ ಇಳಿಯುವುದು ಏರುವುದಕ್ಕಿಂತ ಬೇಗ ಅಪಾಯ ತರುತ್ತದೆ. ಮೂತ್ರಪಿಂಡ ಸೋತಾಗ ಇನ್ಸುಲಿನ್, ಗ್ಲಿಬೆನ್‌ಕ್ಲಮೈಡ್ ಮುಂತಾದವು ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ. ಹಿಂದೆ ಸರಿಹೊಂದುತ್ತಿದ್ದ ಪ್ರಮಾಣ ಈಗ ಹೆಚ್ಚಾಗುತ್ತದೆ. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ) ಗುರಿ 6.5ರಿಂದ 8ರ ನಡುವೆ ಎಲ್ಲಿರಬೇಕು ಎಂಬುದು ಆಯಾ ವ್ಯಕ್ತಿಯ ಆರೋಗ್ಯದ ಮೇಲೆ ನಿಲ್ಲುತ್ತದೆ. ರಕ್ತಹೀನತೆ ಇದ್ದರೆ ಆ ಪರೀಕ್ಷೆಯೇ ದಾರಿ ತಪ್ಪಿಸಬಹುದು. ಮೆಟ್‌ಫಾರ್ಮಿನ್ ಪ್ರಮಾಣವನ್ನು ಇಜಿಎಫ್‌ಆರ್ 45ಕ್ಕಿಂತ ಇಳಿದಾಗ ತಗ್ಗಿಸಬೇಕು, 30ಕ್ಕಿಂತ ಇಳಿದಾಗ ನಿಲ್ಲಿಸಬೇಕು.

ಕಳೆದ ಕೆಲವು ವರ್ಷಗಳಲ್ಲಿ ನಿಜವಾಗಿ ಆಶೆ ಮೂಡಿಸಿರುವುದು ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು. ಸಕ್ಕರೆ ಕಾಯಿಲೆಗೆಂದು ಬಂದ ಇವು ಕಾಯಿಲೆಯ ವೇಗವನ್ನೇ ತಗ್ಗಿಸುತ್ತವೆ ಎಂದು 2020ರ ಡಪಾ-ಸಿಕೆಡಿ, 2023ರಲ್ಲಿ ಪ್ರಕಟವಾದ ಎಂಪಾ-ಕಿಡ್ನಿ ಪ್ರಯೋಗಗಳು ತೋರಿಸಿದವು. ಮಧುಮೇಹ ಇಲ್ಲದವರಿಗೂ ಲಾಭವಾಯಿತು. ಇಜಿಎಫ್‌ಆರ್ 20 ಅಥವಾ ಅದಕ್ಕಿಂತ ಹೆಚ್ಚಿದ್ದಾಗ ಶುರು ಮಾಡಬಹುದು. ಮೊದಲ ವಾರಗಳಲ್ಲಿ ಅಂಕಿ ಸ್ವಲ್ಪ ಇಳಿಯುವುದು ಇಲ್ಲೂ ಸಹಜ. ಜನನಾಂಗದ ಶಿಲೀಂಧ್ರ ಸೋಂಕು, ನಿರ್ಜಲೀಕರಣ ಇವುಗಳ ಮೇಲೆ ಕಣ್ಣಿರಲಿ. ಉಪವಾಸ, ಶಸ್ತ್ರಚಿಕಿತ್ಸೆ, ವಾಂತಿಭೇದಿ ಇದ್ದಾಗ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತದೆ. ವಯಸ್ಸಾಯಿತು ಎಂಬ ಒಂದೇ ಕಾರಣಕ್ಕೆ ಈ ಚಿಕಿತ್ಸೆಯನ್ನು ಕೊಡದಿರುವುದು ಅನ್ಯಾಯ. ನಿಮ್ಮ ಮನೆಯ ಹಿರಿಯರಿಗೆ ಇದು ಹೊಂದುತ್ತದೆಯೇ ಎಂದು ನೀವಾಗಿಯೇ ಕೇಳಿ. ಮಧುಮೇಹ ಇರುವವರಿಗೆ ಫಿನೆರೆನೋನ್, ಸೆಮಾಗ್ಲೂಟೈಡ್ ಎಂಬ ಇನ್ನೆರಡು ದಾರಿಗಳೂ ಈಗ ಇವೆ.

ಹೆಜ್ಜೆ 7: ಹುಷಾರು ತಪ್ಪಿದ ದಿನಗಳಿಗೆ ಮೊದಲೇ ಚೀಟಿ ಬರೆಸಿಡಿ

ಹಿರಿಯರ ಮೂತ್ರಪಿಂಡ ಸಮನಾಗಿ ಇಳಿಯುತ್ತಾ ಹೋಗುವುದಕ್ಕಿಂತ ಮೆಟ್ಟಿಲು ಇಳಿದಂತೆ ಇಳಿಯುವುದೇ ಹೆಚ್ಚು. ಒಂದು ಭೇದಿ, ಒಂದು ನ್ಯುಮೋನಿಯಾ, ಒಂದು ಶಸ್ತ್ರಚಿಕಿತ್ಸೆ ಬಂದುಹೋದ ಮೇಲೆ ಅಂಕಿ ಕೆಳಗಿಳಿದು ಮೊದಲಿದ್ದಲ್ಲಿಗೆ ಪೂರ್ತಿ ಮರಳುವುದಿಲ್ಲ. ವಯಸ್ಸಾದಂತೆ ಬಾಯಾರಿಕೆಯ ಅರಿವೂ ಕುಂದುವುದರಿಂದ ನೀರಿನಂಶ ಬತ್ತಿದ್ದು ತಡವಾಗಿ ಗೊತ್ತಾಗುತ್ತದೆ.

ಆದ್ದರಿಂದ ಚೆನ್ನಾಗಿರುವಾಗಲೇ ವೈದ್ಯರನ್ನು ಕೇಳಿ ಒಂದು ಚೀಟಿ ಬರೆಸಿಕೊಳ್ಳಿ: ವಾಂತಿ, ಭೇದಿ, ತೀವ್ರ ಜ್ವರ ಬಂದು ಊಟ ನೀರು ಸೇರದಿದ್ದರೆ ಯಾವ ಮಾತ್ರೆಗಳನ್ನು ತಡೆಹಿಡಿಯಬೇಕು, ಯಾವಾಗ ಮತ್ತೆ ಶುರು ಮಾಡಬೇಕು. ಮೂತ್ರ ಹೆಚ್ಚಿಸುವ ಮಾತ್ರೆ, ರಾಮಿಪ್ರಿಲ್ ಮತ್ತು ಟೆಲ್ಮಿಸಾರ್ಟನ್ ವರ್ಗ, ಮೆಟ್‌ಫಾರ್ಮಿನ್, ಡಪಾಗ್ಲಿಫ್ಲೋಜಿನ್ ವರ್ಗ ಸಾಮಾನ್ಯವಾಗಿ ಈ ಪಟ್ಟಿಯಲ್ಲಿರುತ್ತವೆ. ಮತ್ತೆ ಶುರು ಮಾಡುವ ದಿನವನ್ನು ಚೀಟಿಯಲ್ಲಿ ಬರೆಸುವುದು ಬಹಳ ಮುಖ್ಯ. ನಿಲ್ಲಿಸಿದ ಮಾತ್ರೆ ತಿಂಗಳುಗಟ್ಟಲೆ ಹಾಗೇ ಮರೆತುಹೋಗುವುದುಂಟು. ಸ್ಕ್ಯಾನಿಂಗ್‌ಗೆ ಕಾಂಟ್ರಾಸ್ಟ್ ದ್ರಾವಣ ಕೊಡುವ ಮೊದಲು, ಯಾವುದೇ ಶಸ್ತ್ರಚಿಕಿತ್ಸೆಗೆ ಮೊದಲು ಕಿಡ್ನಿ ಕಾಯಿಲೆ ಇದೆ ಎಂದು ಬಾಯಿಬಿಟ್ಟು ಹೇಳಿ. ಆಸ್ಪತ್ರೆಯಿಂದ ಬಂದ ಮೂರು ತಿಂಗಳೊಳಗೆ ರಕ್ತ, ಮೂತ್ರ ಎರಡನ್ನೂ ಮತ್ತೆ ಪರೀಕ್ಷಿಸಿ.

ಮೂತ್ರ ತೀರಾ ಕಡಿಮೆಯಾಗುವುದು, ಉಸಿರು ಕಟ್ಟುವುದು, ಇದ್ದಕ್ಕಿದ್ದಂತೆ ಗೊಂದಲ, ಕೈಕಾಲು ಬಲಹೀನವಾಗುವುದು, ಎದೆಬಡಿತ ತಪ್ಪುವುದು ಇವು ಕಂಡರೆ ಚೀಟಿಯನ್ನು ನೋಡುತ್ತಾ ಕೂರದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.

ಹೆಜ್ಜೆ 8: ಊಟದಲ್ಲಿ ಉಪ್ಪು ಕಡಿಮೆ ಮಾಡಿ, ಪ್ರೋಟೀನ್ ಕಸಿಯಬೇಡಿ

ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಇದು ರಕ್ತದೊತ್ತಡವನ್ನೂ ಆಲ್ಬುಮಿನ್ ಸೋರಿಕೆಯನ್ನೂ ಇಳಿಸುತ್ತದೆ, ಔಷಧಿಯ ಪರಿಣಾಮವನ್ನೂ ಹೆಚ್ಚಿಸುತ್ತದೆ. ಪೊಟ್ಟಣದ ತಿನಿಸುಗಳ ಮೇಲಿನ ಸೋಡಿಯಂ ಲೆಕ್ಕ ಓದಿ. “ಕಡಿಮೆ ಸೋಡಿಯಂ” ಉಪ್ಪುಗಳಲ್ಲಿ ಪೊಟ್ಯಾಸಿಯಂ ತುಂಬಿರುತ್ತದೆ. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಅದು ಹೃದಯದ ಲಯವನ್ನೇ ಕೆಡಿಸಬಲ್ಲದು.

ಕಿಡ್ನಿ ಕಾಯಿಲೆ ಎಂದ ಕೂಡಲೇ ಪ್ರೋಟೀನನ್ನೆಲ್ಲ ನಿಲ್ಲಿಸುವ ಮನೆಗಳನ್ನು ಕಂಡಾಗ ಸಂಕಟವಾಗುತ್ತದೆ. ಸಾಮಾನ್ಯ ಸಲಹೆ ದೇಹತೂಕದ ಕಿಲೋಗೆ ದಿನಕ್ಕೆ 0.8 ಗ್ರಾಂ. ಸೊರಗಿದ, ಸ್ನಾಯು ಕರಗುತ್ತಿರುವ ಹಿರಿಯರಿಗೆ ಅದಕ್ಕಿಂತ ಹೆಚ್ಚೇ ಬೇಕಾಗಬಹುದು. ಊಟ ಕಡಿಮೆಯಾಗಿ ಶಕ್ತಿ ಕುಂದಿ ಬಿದ್ದರೆ ಉಳಿಸಿದ ಇಜಿಎಫ್‌ಆರ್‌ನಿಂದ ಏನು ಪ್ರಯೋಜನ? ಹಣ್ಣು ತರಕಾರಿಗಳನ್ನೂ ರಕ್ತದ ಪೊಟ್ಯಾಸಿಯಂ ಏರಿದೆ ಎಂದು ಗೊತ್ತಾಗದೆ ಬಿಡಿಸಬೇಡಿ.

ಬಿಂದಿಗೆಗಟ್ಟಲೆ ನೀರು ಕುಡಿದರೆ ಕಿಡ್ನಿ ತೊಳೆದುಹೋಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಹೆಚ್ಚು ನೀರು ಕುಡಿಸಿ ನೋಡಿದ, 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕುಸಿತ ನಿಧಾನವಾಗಲಿಲ್ಲ. ಹೃದಯ ವೈಫಲ್ಯ ಇರುವವರಿಗಂತೂ ಇದು ಹಾನಿಯೇ. ಧೂಮಪಾನ ಯಾವ ವಯಸ್ಸಿನಲ್ಲಿ ಬಿಟ್ಟರೂ ಒಳ್ಳೆಯದೇ.

ಹೆಜ್ಜೆ 9: ಹೃದಯವನ್ನು, ರಕ್ತವನ್ನು ಮರೆಯಬೇಡಿ

ಕಾಯಿಲೆಯ ಮೂರನೇ ಹಂತದಲ್ಲಿರುವ (ಇಜಿಎಫ್‌ಆರ್ 30ರಿಂದ 59) ಹಿರಿಯರಲ್ಲಿ ಡಯಾಲಿಸಿಸ್‌ವರೆಗೆ ಹೋಗುವವರಿಗಿಂತ ಹೃದಯದ ತೊಂದರೆ ಮುಂತಾದ ಬೇರೆ ಕಾರಣಗಳಿಂದ ತೀರಿಕೊಳ್ಳುವವರೇ ಹೆಚ್ಚು. ಹಾಗಾಗಿ 50 ದಾಟಿದ ಕಿಡ್ನಿ ರೋಗಿಗಳಿಗೆ ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಕೊಡಬೇಕೆಂಬ ಶಿಫಾರಸು ಇದೆ. ಹಿಮೋಗ್ಲೋಬಿನ್, ಕಬ್ಬಿಣಾಂಶ, ಬೈಕಾರ್ಬೊನೇಟ್ (ರಕ್ತದ ಆಮ್ಲವನ್ನು ಸರಿದೂಗಿಸುವ ಅಂಶ) ಪರೀಕ್ಷೆಗಳೂ ಕಾಲಕಾಲಕ್ಕೆ ಆಗಲಿ. ಬೈಕಾರ್ಬೊನೇಟ್ ಸ್ವಲ್ಪ ಕಡಿಮೆಯಾದರೆ ಸೋಡಾ ಮಾತ್ರೆ ಕೊಡುವ ರೂಢಿಯಿದೆ. 60 ದಾಟಿದವರಲ್ಲಿ ನಡೆದು 2020ರಲ್ಲಿ ಪ್ರಕಟವಾದ ಬೈಕಾರ್ಬ್ ಪ್ರಯೋಗದಲ್ಲಿ ಅದರಿಂದ ಅವರ ಓಡಾಟದ ಶಕ್ತಿ ಸುಧಾರಿಸಲಿಲ್ಲ. ಮಾತ್ರೆಗಳ ಸಂಖ್ಯೆ ಹೆಚ್ಚುವ ಮುನ್ನ ಲಾಭವೇನೆಂದು ಕೇಳಿ. ಕೀಲುನೋವೇ ಇಲ್ಲದವರಿಗೆ ಯೂರಿಕ್ ಆಮ್ಲ ಇಳಿಸುವ ಮಾತ್ರೆಯ ವಿಷಯದಲ್ಲೂ ಇದೇ ಮಾತು. ಅದರಿಂದ ಮೂತ್ರಪಿಂಡದ ಕುಸಿತ ನಿಧಾನವಾಗುವುದಿಲ್ಲ.

ಹೆಜ್ಜೆ 10: ಡಯಾಲಿಸಿಸ್ ಮಾತನ್ನು ತುರ್ತು ಬರುವ ಮೊದಲೇ ಆಡಿ

ಇಜಿಎಫ್‌ಆರ್ 30ಕ್ಕಿಂತ ಕೆಳಗೆ, ಆಲ್ಬುಮಿನ್ 300ಕ್ಕಿಂತ ಮೇಲೆ, ವೇಗದ ಕುಸಿತ, ಕಾರಣ ತಿಳಿಯದೆ ಮೂತ್ರದಲ್ಲಿ ರಕ್ತ ಇವುಗಳಲ್ಲಿ ಯಾವುದಿದ್ದರೂ ಮೂತ್ರಪಿಂಡ ತಜ್ಞರ ಬಳಿ ಹೋಗಿ. ಡಯಾಲಿಸಿಸ್ ಬೇಕೆಂದು ಮನಸ್ಸು ಮಾಡಿದವರು ಬಲಗೈಯವರಾಗಿದ್ದರೆ ಎಡತೋಳಿನ ರಕ್ತನಾಳಗಳಿಗೆ ಸೂಜಿ ಚುಚ್ಚಿಸದೆ ಕಾಪಾಡಿಕೊಳ್ಳಬೇಕು, ಏಕೆಂದರೆ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಎರಡು ರಕ್ತನಾಳಗಳನ್ನು ಜೋಡಿಸುವುದು) ಮಾಡಿಸುವುದು ಅಲ್ಲೇ, ಅದು ಬಲಿಯಲು ತಿಂಗಳುಗಳು ಬೇಕು. ಅಂಕಿ ಇಳಿಯಿತೆಂದು ಅವಸರಪಡುವುದೂ ಬೇಡ. ಬೇಗ ಶುರು ಮಾಡಿದವರು ತಡವಾಗಿ ಶುರು ಮಾಡಿದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ ಎಂದು 2010ರ ಐಡಿಯಲ್ ಪ್ರಯೋಗ ತೋರಿಸಿತು.

ಬಹಳ ದುರ್ಬಲರಾದವರ ವಿಷಯ ಬೇರೆ. ಅಮೆರಿಕದ ಶುಶ್ರೂಷಾಲಯಗಳಲ್ಲಿದ್ದು ಡಯಾಲಿಸಿಸ್ ಶುರು ಮಾಡಿದ ಹಿರಿಯರ ಬಗ್ಗೆ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ವರ್ಷದೊಳಗೆ ಶೇ 58 ಮಂದಿ ತೀರಿಕೊಂಡಿದ್ದರು. ಮೊದಲಿದ್ದಷ್ಟೇ ಸ್ವಾವಲಂಬನೆ ಉಳಿಸಿಕೊಂಡವರು ಶೇ 13 ಮಾತ್ರ. ಡಯಾಲಿಸಿಸ್ ಇಲ್ಲದೆ ರಕ್ತಹೀನತೆ, ತುರಿಕೆ, ಉಸಿರಾಟದ ಕಷ್ಟ, ನೋವು ಇವನ್ನು ಶ್ರದ್ಧೆಯಿಂದ ಉಪಚರಿಸುವ ಚಿಕಿತ್ಸೆಯೂ ಒಂದು ಪೂರ್ಣ ಚಿಕಿತ್ಸೆ. ಅದನ್ನು ಕೈಬಿಟ್ಟಂತೆ ಎಂದು ಯಾರೂ ತಿಳಿಯಬಾರದು. ಹಿರಿಯರ ಬಳಿ ಕುಳಿತು ಅವರಿಗೆ ಏನು ಮುಖ್ಯ ಎಂದು ಅವರ ಬಾಯಿಂದಲೇ ಕೇಳಿ: ಎಷ್ಟು ದಿನ ಬದುಕುವುದೋ, ಮನೆಯಲ್ಲಿರುವುದೋ, ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಓಡಾಡುವುದು ಅವರಿಗೆ ಒಪ್ಪಿಗೆಯೋ. ಅವರು ಹೇಳಿದ್ದನ್ನು ವೈದ್ಯರ ಕಡತದಲ್ಲಿ ಬರೆಸಿ, ಆರೋಗ್ಯ ಬದಲಾದಾಗಲೆಲ್ಲ ಮತ್ತೆ ಕೇಳಿ ತಿದ್ದಿಸಿ.